ಸಾಬೀತಾಗದ ಆರೋಪಕ್ಕೆ ಎರಡು ವರ್ಷ, ಒಪ್ಪಿಕೊಂಡ ತಪ್ಪಿಗೆ ಒಂಬತ್ತು ಪಂದ್ಯ: ರಗ್ಬಿ ಲೀಗ್‌ನ ಶಿಸ್ತಿನ ಲೆಕ್ಕ

2025ರ ಅಕ್ಟೋಬರ್ 5ರಂದು ಬ್ರಿಸ್ಬೇನ್ ಬ್ರಾಂಕೋಸ್ ತಂಡ ಮೆಲ್ಬರ್ನ್ ಸ್ಟಾರ್ಮ್ ತಂಡವನ್ನು 26-22ರಿಂದ ಸೋಲಿಸಿತು. ಆಸ್ಟ್ರೇಲಿಯದ ನ್ಯಾಷನಲ್ ರಗ್ಬಿ ಲೀಗ್, ಅಂದರೆ ಎನ್‌ಆರ್‌ಎಲ್‌ನ ಪ್ರಶಸ್ತಿ 2006ರ ನಂತರ ಮೊದಲ ಸಲ ಬ್ರಿಸ್ಬೇನ್‌ಗೆ ಬಂತು. ಆ ವರ್ಷದ ಬ್ರಾಂಕೋಸ್ ತಂಡದಲ್ಲಿ ಎಜ್ರಾ ಮ್ಯಾಮ್ ಎಂಬ ಯುವ ಆಟಗಾರ ಇದ್ದರು. ಅದಕ್ಕೆ ಒಂದು ವರ್ಷ ಮೊದಲು ಇದೇ ಮ್ಯಾಮ್ ಲೈಸೆನ್ಸ್ ಇಲ್ಲದೆ, ದೇಹದಲ್ಲಿ ಮಾದಕ ವಸ್ತು ಇರುವಾಗ ಕಾರು ಓಡಿಸಿ ಅಪಘಾತ ಮಾಡಿದ್ದರು. ಎದುರಿನ ಕಾರಿನಲ್ಲಿದ್ದವರಿಗೆ ಗಾಯವಾಗಿತ್ತು. ಅವರಲ್ಲಿ ಒಂದು ಮಗುವೂ ಇತ್ತು. ಕೋರ್ಟಿನಲ್ಲಿ ಮ್ಯಾಮ್ ತಪ್ಪೊಪ್ಪಿಕೊಂಡರು. ಲೀಗ್ ಕೊಟ್ಟ ಶಿಕ್ಷೆ ಒಂಬತ್ತು ಪಂದ್ಯಗಳ ನಿಷೇಧ.

ಪ್ರಶಸ್ತಿಯ ಸಂಭ್ರಮ ಮುಗಿಯುವ ಮೊದಲೇ, ಅದೇ ಅಕ್ಟೋಬರ್‌ನಲ್ಲಿ, ಎನ್‌ಆರ್‌ಎಲ್ ಆಡಳಿತ ಇನ್ನೊಂದು ಘೋಷಣೆ ಮಾಡಿತು. ಆರ್360 ಎಂಬ ಹೊಸ ಬಂಡಾಯ ರಗ್ಬಿ ಕೂಟಕ್ಕೆ ಸಹಿ ಹಾಕುವ ಯಾವುದೇ ಆಟಗಾರನಿಗೆ ಹತ್ತು ವರ್ಷ ನಿಷೇಧ.

ಒಂದು ಕಡೆ ಒಂಬತ್ತು ಪಂದ್ಯ, ಇನ್ನೊಂದು ಕಡೆ ಹತ್ತು ವರ್ಷ. ಅಭಿಮಾನಿಗಳು ತಲೆ ಕೆರೆದುಕೊಂಡಿದ್ದು ಸಹಜವೇ. ಆ ಸಿಟ್ಟಿನಲ್ಲಿ ಹಳೆಯ ಲೆಕ್ಕಗಳೂ ಮೇಲೆದ್ದವು. ಜ್ಯಾಕ್ ಡಿ ಬೆಲಿನ್ ಎಂಬ ಆಟಗಾರ ಯಾವ ಅಪರಾಧದಲ್ಲೂ ದೋಷಿ ಎನಿಸಿಕೊಳ್ಳದೆ ಎರಡು ವರ್ಷಕ್ಕೂ ಜಾಸ್ತಿ ಕಾಲ ಹೊರಗೆ ಕುಳಿತಿದ್ದರು. ಹಾಗಾದರೆ ಈ ಲೀಗ್ ಯಾವ ತಕ್ಕಡಿಯಲ್ಲಿ ತೂಗುತ್ತಿದೆ?

ಅಪರಾಧ ಎಷ್ಟು ದೊಡ್ಡದು ಎಂಬ ಪ್ರಶ್ನೆ ಇಟ್ಟುಕೊಂಡು ಹೊರಟರೆ ಈ ಶಿಕ್ಷೆಗಳು ಎಂದೂ ತಾಳೆಯಾಗುವುದಿಲ್ಲ. ಇದರಿಂದ ಆಟಕ್ಕೆ, ಅದರ ವ್ಯಾಪಾರಕ್ಕೆ ಎಷ್ಟು ನಷ್ಟ ಎಂದು ಕೇಳಿದರೆ ಮಾತ್ರ ಬಹುಪಾಲು ತಾಳೆಯಾಗುತ್ತವೆ. ಬಹುಪಾಲು ಅಂದೆ, ಪೂರ್ತಿ ಅಲ್ಲ. ತಾಳೆಯಾಗದೆ ಉಳಿಯುವ ಭಾಗದಲ್ಲೇ ನಿಜವಾದ ತಕರಾರು ಇದೆ.

ಮೊದಲು, ಇದು ಯಾವ ಆಟ?

ರಗ್ಬಿಯಲ್ಲಿ ಎರಡು ಬಗೆ. ಯೂನಿಯನ್‌ನಲ್ಲಿ ತಂಡಕ್ಕೆ 15 ಜನ, ಲೀಗ್‌ನಲ್ಲಿ 13. ಕೆಲಸಕ್ಕೆ ರಜೆ ಹಾಕಿ ಆಡುವ ಕಾರ್ಮಿಕರಿಗೆ ಕಳೆದ ಕೂಲಿಯನ್ನಾದರೂ ಕೊಡಬೇಕು ಎಂಬ ಜಗಳದಿಂದ 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಬೇರೆಯಾದವು. ಅಲ್ಲಿಂದ ಹುಟ್ಟಿದ್ದು ರಗ್ಬಿ ಲೀಗ್. ಆಸ್ಟ್ರೇಲಿಯದಲ್ಲಿ 1908ರಿಂದ ಇದರ ಪಂದ್ಯಾವಳಿ ನಡೆಯುತ್ತಿದೆ. ಸಿಡ್ನಿ ಮತ್ತು ಬ್ರಿಸ್ಬೇನ್ ಕಡೆ ಇದೇ ಜನರ ಆಟ. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಿಗೆ ಶಾಲೆಯಲ್ಲಿ ಕ್ರಿಕೆಟ್‌ಗಿಂತ ಮೊದಲು ಇದರ ಚೆಂಡೇ ಕೈಗೆ ಸಿಕ್ಕಿರಲೂಬಹುದು.

ಆಟಗಾರರಲ್ಲಿ ಹೆಚ್ಚಿನವರು ಕಾರ್ಮಿಕ ಕುಟುಂಬಗಳವರು. ಆದಿವಾಸಿ ಮತ್ತು ಪೆಸಿಫಿಕ್ ದ್ವೀಪಗಳ ಮೂಲದವರ ಪಾಲು ತುಂಬಾ ದೊಡ್ಡದು. ಹದಿನೆಂಟು, ಇಪ್ಪತ್ತರ ವಯಸ್ಸಿಗೆ ಕೈತುಂಬಾ ದುಡ್ಡು ಬರುತ್ತದೆ. ಊರೆಲ್ಲಾ ಗುರುತು ಹಿಡಿಯುತ್ತದೆ. ಮೂವತ್ತು ದಾಟುತ್ತಿದ್ದಂತೆ ಆಟ ಮುಗಿಯುತ್ತದೆ. ಇಷ್ಟು ಸಣ್ಣ ವೃತ್ತಿಜೀವನದಲ್ಲಿ ಎರಡು ವರ್ಷ ಹೋಗುವುದೆಂದರೆ ಏನು ಎಂಬುದನ್ನು ಮುಂದಿನ ಕಥೆ ಓದುವಾಗ ನೆನಪಿಡಬೇಕು.

ಒಂದೇ ಹೆಸರಿನ ಮೂರು ಬೇರೆ ವ್ಯವಸ್ಥೆಗಳು

ಸುದ್ದಿಯಲ್ಲಿ ಎಲ್ಲವನ್ನೂ "ಆಟಗಾರನಿಗೆ ನಿಷೇಧ" ಎಂದೇ ಬರೆಯುತ್ತಾರೆ. ಗೊಂದಲ ಶುರುವಾಗುವುದು ಇಲ್ಲಿಂದ. ಒಳಗೆ ಮೂರು ಬೇರೆ ಬೇರೆ ಯಂತ್ರಗಳಿವೆ.

ಮೈದಾನದ ಒಳಗಿನ ತಪ್ಪುಗಳನ್ನು ಜುಡಿಶಿಯರಿ ಎಂಬ ಶಿಸ್ತು ಸಮಿತಿ ನೋಡಿಕೊಳ್ಳುತ್ತದೆ. ತಲೆಗೆ ಬೀಳುವ ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು), ಗುದ್ದು, ಎದುರಾಳಿಗೆ ಬೈಗುಳ ಇವೆಲ್ಲ ಅದರ ಪಾಲು. ಅಲ್ಲಿ ಆರೋಪದ ದರ್ಜೆ ಇದೆ, ವಿಚಾರಣೆ ಇದೆ, ಆಟಗಾರನ ಪರ ವಕೀಲರು ವಾದ ಮಾಡುತ್ತಾರೆ. ಕೆಲವೇ ದಿನಗಳಲ್ಲಿ ತೀರ್ಮಾನ ಬರುತ್ತದೆ.

ಎರಡನೆಯದು ಮೈದಾನದ ಹೊರಗಿನ ನಡತೆ. ಆಟಕ್ಕೆ ಕೆಟ್ಟ ಹೆಸರು ತಂದರೆ ಲೀಗ್‌ನ ಇಂಟೆಗ್ರಿಟಿ ಘಟಕ ನೋಟಿಸ್ ಕೊಡುತ್ತದೆ. ಆಟಗಾರ ಉತ್ತರ ಕೊಡಬಹುದು, ಮೇಲ್ಮನವಿಗೂ ಹೋಗಬಹುದು. ಆದರೆ ದಂಡ ಎಷ್ಟು, ಎಷ್ಟು ಪಂದ್ಯ ಎಂಬುದು ಹೆಚ್ಚಾಗಿ ಕಚೇರಿಯ ಒಳಗೇ ನಿಗದಿಯಾಗುತ್ತದೆ. ಮ್ಯಾಮ್‌ಗೆ ಸಿಕ್ಕಿದ ಒಂಬತ್ತು ಪಂದ್ಯ ಈ ದಾರಿಯದ್ದು. ಕೋರ್ಟ್ ಅವರಿಗೆ ಹಾಕಿದ್ದು 850 ಡಾಲರ್ ದಂಡ ಮತ್ತು ಆರು ತಿಂಗಳ ಡ್ರೈವಿಂಗ್ ನಿಷೇಧ. ಅಂದರೆ ಲೀಗ್ ಕೊಟ್ಟ ಶಿಕ್ಷೆ ಕೋರ್ಟಿನದಕ್ಕಿಂತ ಭಾರಿ. ಕ್ಲಬ್ ಹಾಕಿದ ದಂಡ ಬೇರೆ. ಒಂಬತ್ತು ಪಂದ್ಯ ಕಡಿಮೆಯಾಯಿತು ಎಂದು ಕೂಗುವವರು ಈ ಭಾಗವನ್ನು ಅಷ್ಟಾಗಿ ಹೇಳುವುದಿಲ್ಲ.

ಮೂರನೆಯದೇ ಅತಿ ಹೆಚ್ಚು ಜಗಳ ತಂದದ್ದು. ಗಂಭೀರ ಕ್ರಿಮಿನಲ್ ಆರೋಪ ಬಿದ್ದ ಆಟಗಾರನನ್ನು ತಪ್ಪು, ಸರಿ ಏನನ್ನೂ ಕೇಳದೆ ಆಟದಿಂದ ಬದಿಗೆ ಕೂರಿಸುವ ನಿಯಮ. ಅವರ ಭಾಷೆಯಲ್ಲಿ ನೋ-ಫಾಲ್ಟ್ ಸ್ಟ್ಯಾಂಡ್ ಡೌನ್.

ಆ ನಿಯಮ ಹುಟ್ಟಿದ ಬೇಸಿಗೆ

2018ರ ಕೊನೆ ಮತ್ತು 2019ರ ಆರಂಭ. ಆಸ್ಟ್ರೇಲಿಯದಲ್ಲಿ ಅದು ಬೇಸಿಗೆ, ರಗ್ಬಿ ಲೀಗ್‌ಗೆ ಬಿಡುವಿನ ಕಾಲ. ಆ ಬಿಡುವಿನಲ್ಲಿ ಒಂದರ ಹಿಂದೆ ಒಂದು ಪ್ರಕರಣ ಹೊರಬಿತ್ತು. ಅವುಗಳಲ್ಲಿ ಹಲವು ಮಹಿಳೆಯರ ಮೇಲಿನ ಹಿಂಸೆಗೆ ಸಂಬಂಧಿಸಿದವು. 2012ರಲ್ಲಿ ವರ್ಷದ ಶ್ರೇಷ್ಠ ಆಟಗಾರನಾಗಿದ್ದ ಬೆನ್ ಬಾರ್ಬಾ ಅವರ ಒಪ್ಪಂದವನ್ನು, ಟೌನ್ಸ್‌ವಿಲ್‌ನ ಕಸಿನೊ ಒಂದರಲ್ಲಿ ನಡೆದ ಘಟನೆಯ ನಂತರ, ಕ್ಲಬ್ ಒಂದೂ ಪಂದ್ಯ ಆಡಿಸದೆ ರದ್ದು ಮಾಡಿತು. ಲೀಗ್ ಅವರ ನೋಂದಣಿಯನ್ನೇ ತೆಗೆದುಹಾಕಿತು. ಪತ್ರಿಕೆಗಳು ಅದನ್ನು ನರಕದ ಬೇಸಿಗೆ ಎಂದು ಕರೆದವು.

ಸಮಯವೂ ಹಾಗೆಯೇ ಕೂಡಿಬಂದಿತ್ತು. ಮಹಿಳೆಯರ ಎನ್‌ಆರ್‌ಎಲ್ ಶುರುವಾಗಿದ್ದು 2018ರಲ್ಲಿ. ಹೆಣ್ಣುಮಕ್ಕಳನ್ನು ಮೈದಾನಕ್ಕೂ ಗ್ಯಾಲರಿಗೂ ಕರೆಯುತ್ತಿದ್ದ ಲೀಗ್, ಅದೇ ಹೊತ್ತಿಗೆ ಮಹಿಳೆಯರ ಮೇಲಿನ ದೌರ್ಜನ್ಯದ ಆರೋಪ ಹೊತ್ತವರನ್ನು ಪ್ರತಿ ವಾರ ಟೀವಿಯಲ್ಲಿ ಆಡಿಸಬೇಕಿತ್ತು. ಪ್ರಾಯೋಜಕರು ಹಿಂದೇಟು ಹಾಕತೊಡಗಿದರು.

ಫೆಬ್ರವರಿ ಕೊನೆಯಲ್ಲಿ ಹೊಸ ನಿಯಮ ಬಂತು. ಗರಿಷ್ಠ 11 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಇರುವ ಅಪರಾಧದ ಆರೋಪ ದಾಖಲಾದರೆ ಆಟಗಾರ ತಾನಾಗಿಯೇ ಹೊರಗೆ. ಪ್ರಕರಣ ಮುಗಿಯುವವರೆಗೆ ಪಂದ್ಯ ಇಲ್ಲ. ಸಂಬಳ ಪೂರ್ತಿ, ತಂಡದ ಜೊತೆ ಅಭ್ಯಾಸಕ್ಕೂ ಅಡ್ಡಿ ಇಲ್ಲ. ಅದಕ್ಕಿಂತ ಕಡಿಮೆ ಶಿಕ್ಷೆಯ ಆರೋಪವಾದರೆ, ಮುಖ್ಯವಾಗಿ ಹೆಂಗಸರು ಮಕ್ಕಳ ಮೇಲಿನ ಹಿಂಸೆಯಾದರೆ, ಕೂರಿಸಬೇಕೇ ಬೇಡವೇ ಎಂಬುದು ಲೀಗ್‌ನ ಸಿಇಒ ವಿವೇಚನೆ.

11 ಎಂಬ ಸಂಖ್ಯೆ ವಿಚಿತ್ರ ಅನ್ನಿಸಬಹುದು. ನ್ಯೂ ಸೌತ್ ವೇಲ್ಸ್ ರಾಜ್ಯದ ಕಾನೂನು ಪುಸ್ತಕ ತೆರೆದರೆ ಅದರ ಕೆಲಸ ಅರ್ಥವಾಗುತ್ತದೆ. ಅಲ್ಲಿ ಬೀದಿ ಹೊಡೆದಾಟದ ಆರೋಪಕ್ಕೆ ಗರಿಷ್ಠ 10 ವರ್ಷ. ಲೈಂಗಿಕ ದೌರ್ಜನ್ಯಕ್ಕೆ 14 ವರ್ಷ. ಗೆರೆ ಇವೆರಡರ ನಡುವೆ ಬೀಳುತ್ತದೆ. ಬಾರ್ ಮುಂದಿನ ಗಲಾಟೆಗಳು ಕೆಳಗೆ ಉಳಿದವು, ಅತ್ಯಾಚಾರ ಮತ್ತು ಕೊಲ್ಲುವಂಥ ಹಲ್ಲೆಗಳು ಮೇಲೆ ಹೋದವು. ಆದರೆ ಮನೆಯೊಳಗೆ ಹೆಂಡತಿಗೆ ಹೊಡೆಯುವಂಥ ಸಾಮಾನ್ಯ ಹಲ್ಲೆಯೂ ಕೆಳಗೇ ಉಳಿಯಿತು. ಅದಕ್ಕೇ ಸಿಇಒ ವಿವೇಚನೆ ಎಂಬ ಎರಡನೇ ಬಾಗಿಲು ಬೇಕಾಯಿತು.

ಡಿ ಬೆಲಿನ್ ಮತ್ತು ಫೈನು

ನಿಯಮ ಮೊದಲು ತಟ್ಟಿದ್ದು ಸೇಂಟ್ ಜಾರ್ಜ್ ಇಲವಾರಾ ತಂಡದ ಜ್ಯಾಕ್ ಡಿ ಬೆಲಿನ್‌ಗೆ. 2018ರ ಡಿಸೆಂಬರ್‌ನಲ್ಲಿ ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ದಾಖಲಾಗಿತ್ತು. ಅವರು ಆರೋಪ ನಿರಾಕರಿಸಿದರು. ಆರೋಪ ಬಿದ್ದ ಮೇಲೆ ಬಂದ ನಿಯಮ ತನಗೆ ಅನ್ವಯಿಸುವುದು ಸರಿಯಲ್ಲ, ಇದು ದುಡಿಮೆಯ ಹಕ್ಕಿಗೆ ಅಡ್ಡಿ ಎಂದು ಫೆಡರಲ್ ಕೋರ್ಟಿಗೆ ಹೋದರು. 2019ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಮೆಲಿಸ್ಸಾ ಪೆರಿ ಲೀಗ್ ಪರ ತೀರ್ಪು ಕೊಟ್ಟರು. ನಿಯಮ ದುಡಿಮೆಗೆ ಅಡ್ಡಿಯೇ ಹೌದು, ಆದರೆ ಲೀಗ್ ತನ್ನ ನ್ಯಾಯವಾದ ಹಿತ ಕಾಪಾಡಿಕೊಳ್ಳಲು ಅದು ಮಿತಿ ಮೀರಿದ್ದಲ್ಲ ಎಂಬುದು ತೀರ್ಪಿನ ಸಾರ.

ಈ ತೀರ್ಪಿನಲ್ಲಿ ಡಿ ಬೆಲಿನ್ ತಪ್ಪು ಮಾಡಿದ್ದಾರೋ ಇಲ್ಲವೋ ಎಂಬ ಚರ್ಚೆಯೇ ಇರಲಿಲ್ಲ. ಪ್ರಶ್ನೆ ಇದ್ದದ್ದು ಲೀಗ್‌ನ ಹಿತದ ಬಗ್ಗೆ. ಪ್ರಾಯೋಜಕರು, ಪ್ರೇಕ್ಷಕರು, ಹೆಸರು. ಲೀಗ್ ತಾನು ಏನನ್ನು ಕಾಪಾಡುತ್ತಿದ್ದೇನೆ ಎಂದು ಕೋರ್ಟಿನ ಮುಂದೆ ಬಿಚ್ಚಿ ಹೇಳಿತು. ಅಭಿಮಾನಿಗಳು ಮಾತ್ರ ಅದನ್ನು ಇವತ್ತಿಗೂ ನೈತಿಕ ತೀರ್ಪು ಎಂದೇ ಓದುತ್ತಾರೆ.

ಕ್ರಿಮಿನಲ್ ವಿಚಾರಣೆ ಎಳೆಯಿತು. 2020ರ ನವೆಂಬರ್‌ನಲ್ಲಿ ಮೊದಲ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ತಂಡ, ಒಮ್ಮತಕ್ಕೆ ಬರಲಿಲ್ಲ. 2021ರ ಮೇ ತಿಂಗಳಲ್ಲಿ ಎರಡನೇ ಜ್ಯೂರಿ ಒಂದು ಆರೋಪದಲ್ಲಿ ನಿರ್ದೋಷಿ ಎಂದಿತು, ಉಳಿದವುಗಳಲ್ಲಿ ಅದಕ್ಕೂ ಒಮ್ಮತ ಸಾಧ್ಯವಾಗಲಿಲ್ಲ. ಆಮೇಲೆ ಪ್ರಾಸಿಕ್ಯೂಷನ್ ಪ್ರಕರಣವನ್ನೇ ಕೈಬಿಟ್ಟಿತು. ಜೂನ್‌ನಲ್ಲಿ ಡಿ ಬೆಲಿನ್ ಮತ್ತೆ ಮೈದಾನಕ್ಕಿಳಿದರು. 2019 ಮತ್ತು 2020ರ ಎರಡೂ ಋತುಗಳು, 2021ರ ಮೊದಲ ಭಾಗ ಹೋಗಿಯಾಗಿತ್ತು. ಆರೋಪ ಬೀಳುವ ಕೆಲವೇ ತಿಂಗಳ ಮೊದಲು, 2018ರಲ್ಲೇ, ನ್ಯೂ ಸೌತ್ ವೇಲ್ಸ್ ರಾಜ್ಯ ತಂಡಕ್ಕೆ ಆಡಿದ್ದವರು ಅವರು.

ಇದೊಂದನ್ನೇ ನೋಡಿದರೆ ನಿಯಮ ಕ್ರೂರ ಅನ್ನಿಸುತ್ತದೆ. ಪಕ್ಕದಲ್ಲೇ ಇನ್ನೊಂದು ಹೆಸರಿಟ್ಟು ನೋಡಬೇಕು. ಮ್ಯಾನ್ಲಿ ತಂಡದ ಮನಾಸೆ ಫೈನು. 2019ರ ಅಕ್ಟೋಬರ್‌ನಲ್ಲಿ ಸಿಡ್ನಿಯ ಚರ್ಚ್ ಒಂದರ ನೃತ್ಯ ಕಾರ್ಯಕ್ರಮದ ಹೊರಗೆ ಚಾಕು ಇರಿತ ನಡೆಯಿತು. ಫೈನು ಮೇಲೆ ಆರೋಪ ಬಿತ್ತು. ಅವರೂ ನಿರಾಕರಿಸಿದರು. ಅವರನ್ನೂ ಅದೇ ನಿಯಮ ಹೊರಗೆ ಕೂರಿಸಿತು. 2022ರಲ್ಲಿ ಜ್ಯೂರಿ ಅವರನ್ನು ದೋಷಿ ಎಂದಿತು, ಕೋರ್ಟ್ ಎಂಟು ವರ್ಷದ ಶಿಕ್ಷೆ ಕೊಟ್ಟಿತು. ನಿಯಮ ಇಲ್ಲದಿದ್ದರೆ ಅವರು ಆ ಸುಮಾರು ಮೂರು ವರ್ಷ ಟೀವಿಯಲ್ಲಿ ಆಡುತ್ತಲೇ ಇರುತ್ತಿದ್ದರು.

ಆರೋಪದ ದಿನ ಇಬ್ಬರೂ ಒಂದೇ ಸ್ಥಿತಿಯಲ್ಲಿದ್ದರು. ಗಂಭೀರ ಆರೋಪ, ಖಡಾಖಂಡಿತ ನಿರಾಕರಣೆ. ಯಾರ ಪ್ರಕರಣ ಎಲ್ಲಿ ಮುಗಿಯುತ್ತದೆ ಎಂದು ಲೀಗ್‌ನ ಕಚೇರಿಯಲ್ಲಿ ಕುಳಿತವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಹಾಗಾಗಿ ನಿಯಮ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ನಮಗೆ ಇದು ಹೊಸದೂ ಅಲ್ಲ. ಸರ್ಕಾರಿ ನೌಕರ 48 ಗಂಟೆಗಿಂತ ಹೆಚ್ಚು ಕಾಲ ಪೊಲೀಸ್ ಅಥವಾ ನ್ಯಾಯಾಂಗ ಬಂಧನದಲ್ಲಿದ್ದರೆ ಅಮಾನತು ಆದಂತೆಯೇ ಲೆಕ್ಕ. ಅಮಾನತು ಶಿಕ್ಷೆಯಲ್ಲ ಎಂದು ಸೇವಾ ಕಾನೂನು ಹೇಳುತ್ತದೆ. ಕೇರಿಯ ಜನ ಮಾತ್ರ ಅದನ್ನು ಶಿಕ್ಷೆ ಎಂದೇ ನೋಡುತ್ತಾರೆ, ಅಲ್ವಾ? ಅದೇ ಅಂತರ ಇಲ್ಲೂ ಇದೆ. ನಮ್ಮ ನೌಕರನಿಗೆ ಸಿಗುವುದು ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ, ಆಟಗಾರನಿಗೆ ಪೂರ್ತಿ ಸಂಬಳ. ಆದರೆ ನೌಕರ ಅರವತ್ತರವರೆಗೆ ಕೆಲಸ ಮಾಡಬಹುದು. ಆಟಗಾರನಿಗೆ ಕಳೆದ ವರ್ಷ ಮರಳಿ ಬರುವುದಿಲ್ಲ.

ಬಾರ್ಬೆಕ್ಯೂಗೆ ಕೆಲಸ ಹೋದ ಕಥೆ

ಲೀಗ್ ತೂಗುವುದು ಆಟದ ನಷ್ಟವನ್ನು ಎಂದು ಮೇಲೆ ಹೇಳಿದ್ದಕ್ಕೆ ಎರಡು ಪುರಾವೆ.

2021ರ ಜುಲೈ. ಕೋವಿಡ್ ಕಾಲ. ಸೇಂಟ್ ಜಾರ್ಜ್ ಇಲವಾರಾ ತಂಡದ ಪಾಲ್ ವಾನ್ ತಮ್ಮ ಮನೆಯಲ್ಲಿ ಬಾರ್ಬೆಕ್ಯೂ ಇಟ್ಟರು. ಹನ್ನೆರಡು ಸಹ ಆಟಗಾರರು ಬಂದರು. ಯಾರಿಗೂ ಪೆಟ್ಟಾಗಲಿಲ್ಲ, ಯಾರ ಮೇಲೂ ದೌರ್ಜನ್ಯ ನಡೆಯಲಿಲ್ಲ. ವಾನ್‌ಗೆ ಎಂಟು ಪಂದ್ಯ ನಿಷೇಧ, 50,000 ಡಾಲರ್ ದಂಡ. ಆಮೇಲೆ ಕ್ಲಬ್ ಅವರ ಒಪ್ಪಂದವನ್ನೇ ರದ್ದು ಮಾಡಿತು. ಊರೆಲ್ಲ ಲಾಕ್‌ಡೌನ್‌ನಲ್ಲಿದ್ದಾಗ ಎನ್‌ಆರ್‌ಎಲ್ ಸರ್ಕಾರದ ಅನುಮತಿಯಿಂದ ಪಂದ್ಯ ನಡೆಸುತ್ತಿತ್ತು. ಆ ಅನುಮತಿ ಹೋದರೆ ಪ್ರಸಾರದ ದುಡ್ಡೆಲ್ಲ ಹೋಗುತ್ತಿತ್ತು. ಊಟಕ್ಕೆ ಕರೆದ ತಪ್ಪಿಗೆ ಕೆಲಸ ಹೋಗಿದ್ದು ಈ ಕಾರಣಕ್ಕೆ.

ಎರಡನೆಯದು ಆರ್360. ಅದು ಕಾನೂನು ಮುರಿಯುವ ವಿಷಯವೇ ಅಲ್ಲ. ಆಟಗಾರ ಹೆಚ್ಚು ದುಡ್ಡು ಕೊಡುವ ಕಡೆ ಹೋಗುವುದು ಅಷ್ಟೇ. ಅದಕ್ಕೆ ಹತ್ತು ವರ್ಷ. ರಗ್ಬಿ ಲೀಗ್ ಆಟಗಾರನಿಗೆ ಹತ್ತು ವರ್ಷ ಅಂದರೆ ಇಡೀ ವೃತ್ತಿಜೀವನ. ಮಾದಕ ವಸ್ತು ಸೇವಿಸಿ ಕಾರು ಓಡಿಸಿದ್ದಕ್ಕಿಂತ ಇದು ದೊಡ್ಡ ಪಾಪವೇ ಎಂದು ಅಭಿಮಾನಿಗಳು ಕೇಳಿದರು. ನೈತಿಕವಾಗಿ ಅಲ್ಲವೇ ಅಲ್ಲ. ಆದರೆ ಒಬ್ಬ ಮ್ಯಾಮ್ ತಪ್ಪು ಮಾಡಿದರೆ ಲೀಗ್ ಒಂದು ವಾರ ತಲೆ ತಗ್ಗಿಸಬೇಕು. ಇಪ್ಪತ್ತು ತಾರೆಗಳು ಒಟ್ಟಿಗೆ ಎದ್ದು ಹೋದರೆ ಅಂಗಡಿಯೇ ಮುಚ್ಚಬೇಕು. ಸಂಖ್ಯೆಗಳು ಆ ಭಯದ ಅಳತೆ.

ಇದು ತಪ್ಪು ಎಂದು ಬೈಯಬಹುದು. ನನ್ನ ಮಟ್ಟಿಗೆ, ತಪ್ಪಿಗಿಂತ ದೊಡ್ಡ ತೊಂದರೆ ಲೀಗ್ ಇದನ್ನು ಮೌಲ್ಯ, ಗೌರವ, ಸಮುದಾಯ ಎಂಬ ಮಾತುಗಳಲ್ಲಿ ಸುತ್ತಿ ಕೊಡುವುದು. ಮೌಲ್ಯದ ಹೆಸರಿನಲ್ಲಿ ಕೊಟ್ಟ ಶಿಕ್ಷೆಯನ್ನು ಜನ ಮೌಲ್ಯದ ಅಳತೆಯಲ್ಲೇ ನೋಡುತ್ತಾರೆ. ಆಗ ಬಾರ್ಬೆಕ್ಯೂ ಮತ್ತು ಅಪಘಾತ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಮೂರು ಬಣಗಳ ವಾದ

ಆಟಗಾರರ ಸಂಘ, ಅಂದರೆ ಆರ್‌ಎಲ್‌ಪಿಎ, ಮತ್ತು ಅಭಿಮಾನಿಗಳ ಒಂದು ದೊಡ್ಡ ಬಣ ಹೇಳುವುದು ಹಳೆಯ ಮಾತು. ಸಾಬೀತಾಗುವವರೆಗೆ ನಿರಪರಾಧಿ. ಕೂರಿಸಿದ ದಿನವೇ ಜನ ತೀರ್ಮಾನ ಮಾಡಿಬಿಡುತ್ತಾರೆ, ಆಮೇಲೆ ಕೋರ್ಟ್ ಬಿಟ್ಟರೂ ಕಳಂಕ ಬಿಡುವುದಿಲ್ಲ ಎನ್ನುತ್ತಾರೆ. ಇದಕ್ಕೆ ಬಲ ಕೊಡುವ ಪ್ರಕರಣವೂ ಇದೆ. 2019ರಲ್ಲಿ ಸಿಇಒ ವಿವೇಚನೆಯಡಿ ಹೊರಗೆ ಕುಳಿತ ಮ್ಯಾನ್ಲಿಯ ಡೈಲನ್ ವಾಕರ್ ಮೇಲಿನ ಪ್ರಕರಣವನ್ನು ಕೋರ್ಟ್ ಅದೇ ಮೇ ತಿಂಗಳಲ್ಲಿ ವಜಾ ಮಾಡಿತು.

ಇನ್ನೂ ಗಟ್ಟಿ ಉದಾಹರಣೆ ಲಟ್ರೆಲ್ ಮಿಚೆಲ್ ಮತ್ತು ಜ್ಯಾಕ್ ವೈಟನ್ ಅವರದು. ಇಬ್ಬರೂ ಆದಿವಾಸಿ ಮೂಲದ ದೊಡ್ಡ ಆಟಗಾರರು. 2023ರ ಫೆಬ್ರವರಿಯಲ್ಲಿ ಕ್ಯಾನ್‌ಬೆರಾದಲ್ಲಿ ವೈಟನ್ ಹುಟ್ಟುಹಬ್ಬದ ರಾತ್ರಿ ಇಬ್ಬರನ್ನೂ ಪೊಲೀಸರು ಹಿಡಿದರು. ಆರೋಪಗಳು 11 ವರ್ಷದ ಗೆರೆಗಿಂತ ತುಂಬಾ ಕೆಳಗಿದ್ದವು, ಹಾಗಾಗಿ ಅವರು ಆಡುತ್ತಲೇ ಇದ್ದರು. ಅಕ್ಟೋಬರ್‌ನಲ್ಲಿ ವಿಚಾರಣೆ ನಡೆಯುವಾಗ ಪೊಲೀಸ್ ಅಧಿಕಾರಿಯ ಸಾಕ್ಷ್ಯ ಸಿಸಿಟಿವಿ ದೃಶ್ಯದ ಜೊತೆ ಹೊಂದಲಿಲ್ಲ. ಪ್ರಕರಣ ಬಿದ್ದುಹೋಯಿತು. ಗೆರೆ ಇನ್ನೂ ಕೆಳಗಿದ್ದಿದ್ದರೆ ಇಬ್ಬರೂ ಒಂದು ಇಡೀ ಋತುವನ್ನು ಸುಮ್ನೆ ಕಳೆದುಕೊಳ್ಳುತ್ತಿದ್ದರು. ಪೊಲೀಸರ ಕಣ್ಣು ಯಾರ ಮೇಲೆ ಮೊದಲು ಬೀಳುತ್ತದೆ ಎಂಬ ಪ್ರಶ್ನೆಯನ್ನು ಆದಿವಾಸಿ ಅಭಿಮಾನಿಗಳು ಈ ಪ್ರಕರಣ ಇಟ್ಟುಕೊಂಡೇ ಎತ್ತುತ್ತಾರೆ. ಆರೋಪ ಬಿದ್ದರೆ ಸಾಕು ಎಂಬ ನಿಯಮದಲ್ಲಿ, ಆರೋಪ ಹೊರಿಸುವವರ ಪಕ್ಷಪಾತವೂ ಒಳಗೆ ಬಂದುಬಿಡುತ್ತದೆ.

ಎದುರಿನ ಬಣ ಹೇಳುವುದಿಷ್ಟು. ಜೈಲಿಗೆ ಹಾಕುವುದಕ್ಕೆ ಸಾಬೀತು ಬೇಕು, ಜೆರ್ಸಿ ತೊಡಿಸದಿರುವುದಕ್ಕೆ ಬೇಡ. ಶಾಲೆಯ ಮೇಷ್ಟ್ರ ಮೇಲೆ ಇಂಥ ಆರೋಪ ಬಿದ್ದರೆ ಮಾರನೆಯ ದಿನ ತರಗತಿಗೆ ಬಿಡುತ್ತಾರಾ? ಆಟಗಾರರಿಗೆ ಮಾತ್ರ ಏಕೆ ವಿನಾಯಿತಿ? ಈ ಬಣದಲ್ಲಿ ಮಹಿಳಾ ಅಭಿಮಾನಿಗಳ ದನಿ ಜೋರಾಗಿದೆ. ಅಂಕ ತಂದವನಿಗೆ ಗ್ಯಾಲರಿಯೆಲ್ಲ ಎದ್ದು ಚಪ್ಪಾಳೆ ತಟ್ಟುವುದನ್ನು ದೂರು ಕೊಟ್ಟ ಹೆಣ್ಣು ಮನೆಯಲ್ಲಿ ಕುಳಿತು ನೋಡಬೇಕು ಎಂಬುದನ್ನು ಅವರು ನೆನಪಿಸುತ್ತಾರೆ. ಸಾಕ್ಷಿ ಹೇಳಬೇಕಾದವರ ಮೇಲೆ ಆ ಜನಪ್ರಿಯತೆಯ ಭಾರ ಬೀಳುತ್ತದೆ ಎಂಬ ಮಾತನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಮೂರನೇ ಬಣ ಎಲ್ಲಕ್ಕಿಂತ ದೊಡ್ಡದು. ಅವರಿಗೆ ತತ್ವದ ಗೊಡವೆ ಜಾಸ್ತಿ ಇಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಬೇಡ ಅನ್ನುವುದಷ್ಟೇ ಅವರ ವಾದ. ತಾರೆಗೆ ಕಡಿಮೆ, ಬದಲಿ ಆಟಗಾರನಿಗೆ ಜಾಸ್ತಿ. ದೊಡ್ಡ ಕ್ಲಬ್ಬಿಗೆ ಒಂದು, ಸಣ್ಣ ಕ್ಲಬ್ಬಿಗೆ ಇನ್ನೊಂದು. ಮ್ಯಾಟ್ ಲಾಡ್ಜ್ ಉದಾಹರಣೆ ಇಲ್ಲಿ ಪದೇ ಪದೇ ಬರುತ್ತದೆ. 2015ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಮನೆಗೆ ನುಗ್ಗಿ ಹಲ್ಲೆ ಮಾಡಿದ ಪ್ರಕರಣದ ನಂತರವೂ ಅವರು 2018ರಲ್ಲಿ ಬ್ರಾಂಕೋಸ್ ತಂಡದ ಮೂಲಕ ವಾಪಸ್ ಬಂದರು. ಬಾರ್ಬಾ ಬರಲೇ ಇಲ್ಲ. ಯಾವ ಸೂತ್ರ ಇದು ಎಂದು ಕೇಳಿದರೆ ನೇರ ಉತ್ತರ ಇಲ್ಲ.

ಪ್ರಾಮಾಣಿಕವಾಗಿ ಹೇಳಬೇಕೆಂದರೆ ಈ ಬಣದಲ್ಲಿ ಹೆಚ್ಚಿನವರ ಸೂತ್ರ ಸರಳ. ನಮ್ಮ ತಂಡದವನಾದರೆ ಪೊಲೀಸರದ್ದೇ ತಪ್ಪು, ಎದುರು ತಂಡದವನಾದರೆ ಒಂಬತ್ತು ಪಂದ್ಯ ಸಾಲದು.

ಎಂಟು ಪಂದ್ಯಕ್ಕೆ ಇಷ್ಟು ಜಗಳ ಏಕಾಗಲಿಲ್ಲ?

ಮ್ಯಾಮ್ ಕಥೆಯಲ್ಲಿ ಇನ್ನೊಂದು ಪುಟ ಇದೆ. 2024ರ ಮಾರ್ಚ್‌ನಲ್ಲಿ ಎನ್‌ಆರ್‌ಎಲ್ ತನ್ನ ಋತುವನ್ನು ಅಮೆರಿಕದ ಲಾಸ್ ವೇಗಸ್‌ನಲ್ಲಿ ಆರಂಭಿಸಿತು. ಹೊಸ ಮಾರುಕಟ್ಟೆ, ಹೊಸ ಪ್ರೇಕ್ಷಕರು. ಆ ಪಂದ್ಯದಲ್ಲಿ ಸಿಡ್ನಿ ರೂಸ್ಟರ್ಸ್ ತಂಡದ ಸ್ಪೆನ್ಸರ್ ಲೆನಿಯು, ಎದುರಾಳಿ ಮ್ಯಾಮ್ ಅವರನ್ನು ಕೋತಿ ಎಂದು ಕರೆದರು. ಮ್ಯಾಮ್ ಆದಿವಾಸಿ ಮೂಲದವರು. ಅಲ್ಲೇ ರೆಫರಿಗೆ ದೂರು ಕೊಟ್ಟರು. ಲೆನಿಯು ತಪ್ಪೊಪ್ಪಿಕೊಂಡರು. ಜುಡಿಶಿಯರಿ ಎಂಟು ಪಂದ್ಯ ನಿಷೇಧ ವಿಧಿಸಿತು.

ಅದೇ ವರ್ಷ, ಅದೇ ಮ್ಯಾಮ್. ಮಾರ್ಚ್‌ನಲ್ಲಿ ಅನ್ಯಾಯಕ್ಕೆ ಒಳಗಾದವರು, ಅಕ್ಟೋಬರ್‌ನಲ್ಲಿ ತಪ್ಪು ಮಾಡಿದವರು. ಬೈಗುಳಕ್ಕೆ ಎಂಟು, ಅಪಘಾತಕ್ಕೆ ಒಂಬತ್ತು. ಹೋಲಿಸಿ ನಗುವುದು ಸುಲಭ. ಆದರೆ ಎಂಟು ಪಂದ್ಯದ ತೀರ್ಮಾನ ಬಂದಾಗ ಎದ್ದ ಗದ್ದಲ ಬೇಗ ತಣ್ಣಗಾಯಿತು, ಒಂಬತ್ತರದ್ದು ಪ್ರಶಸ್ತಿ ಗೆದ್ದ ಮೇಲೂ ತಣ್ಣಗಾಗಿಲ್ಲ. ಶಿಕ್ಷೆಯ ಗಾತ್ರದಿಂದ ಈ ವ್ಯತ್ಯಾಸ ಬಂದಿಲ್ಲ. ಲೆನಿಯು ವಿಚಾರಣೆಯಲ್ಲಿ ಲೀಗ್ ಪರ ವಕೀಲರು ಎಷ್ಟು ಪಂದ್ಯ ಬೇಕೆಂದು ಕೇಳಿದರು, ಆಟಗಾರನ ಪರ ವಕೀಲರು ಎಷ್ಟು ಸಾಕೆಂದರು, ಸಮಿತಿ ತೀರ್ಮಾನಿಸಿತು. ಎಲ್ಲವೂ ಪತ್ರಕರ್ತರ ಮುಂದೆ. ಮ್ಯಾಮ್ ವಿಷಯದಲ್ಲಿ ಸಂಖ್ಯೆ ಹೊರಗೆ ಬಂತು, ಅದರ ಹಿಂದಿನ ಲೆಕ್ಕ ಬರಲಿಲ್ಲ.

ಮೈದಾನದ ಒಳಗೂ ಎಲ್ಲ ಸರಾಗ ಎಂದಲ್ಲ. 2021ರ ಮೇ ತಿಂಗಳಲ್ಲಿ ಬ್ರಿಸ್ಬೇನ್‌ನ ಮ್ಯಾಜಿಕ್ ರೌಂಡ್‌ನಲ್ಲಿ (ಎಲ್ಲ ತಂಡಗಳೂ ಒಂದೇ ಊರಿನಲ್ಲಿ ಆಡುವ ವಾರಾಂತ್ಯ) ತಲೆಗೆ ತಾಗುವ ಟ್ಯಾಕಲ್ ಮೇಲೆ ಲೀಗ್ ಏಕಾಏಕಿ ಮುಗಿಬಿದ್ದಿತು. ಒಂದೇ ವಾರಾಂತ್ಯದಲ್ಲಿ ಮೂವರನ್ನು ಪೂರ್ತಿ ಹೊರಗೆ ಕಳಿಸಿದರು, 14 ಸಲ ಆಟಗಾರರನ್ನು ಹತ್ತು ನಿಮಿಷ ಕೂರಿಸಿದರು. ಆಟದ ಗಂಡೆದೆ ಹೋಯಿತು ಎಂದು ಹಳೇ ಅಭಿಮಾನಿಗಳು ರೇಗಿದರು. ತಲೆ ಪೆಟ್ಟಿನಿಂದ ಮುಂದೆ ಬರುವ ಕಾಯಿಲೆಗಳು, ಅವುಗಳ ಹಿಂದೆ ಬರುವ ಪರಿಹಾರದ ಕೇಸುಗಳು, ಇವೆರಡರ ಭಯ ಅದರ ಹಿಂದಿತ್ತು. ಇಲ್ಲೂ ಅದೇ ತಕ್ಕಡಿ. ಆದರೆ ನಿಯಮ ಎಲ್ಲರಿಗೂ ಒಂದೇ ಆದ್ದರಿಂದ ಜನ ನಿಧಾನಕ್ಕೆ ಒಗ್ಗಿಕೊಂಡರು. ಈಗ ತಲೆಗೆ ಗಂಭೀರ ಪೆಟ್ಟು ಬಿದ್ದವನು 11 ದಿನ ಆಡುವಂತಿಲ್ಲ ಎಂಬುದನ್ನು ಬಹುತೇಕ ಯಾರೂ ಪ್ರಶ್ನಿಸುವುದಿಲ್ಲ.

ಇದನ್ನೆಲ್ಲ ಒಟ್ಟಿಗೆ ಇಟ್ಟರೆ ನನಗೆ ಕಾಣುವುದು ಹೀಗೆ. ಹೆಚ್ಚು ಬೈಸಿಕೊಂಡ 11 ವರ್ಷದ ನಿಯಮ ಈ ವ್ಯವಸ್ಥೆಯಲ್ಲಿ ಕಡಿಮೆ ಕೆಟ್ಟದ್ದು. ಅದು ಕುರುಡು, ಆದರೆ ಎಲ್ಲರ ವಿಷಯದಲ್ಲೂ ಒಂದೇ ರೀತಿ ಕುರುಡು. ಅನುಮಾನ ಬೆಳೆಯುವುದು ಆ ಗೆರೆಯ ಕೆಳಗಿನ ವಿವೇಚನೆಯಲ್ಲಿ, ಮುಚ್ಚಿದ ಕೋಣೆಯ ನೋಟಿಸಿನಲ್ಲಿ.

ಕ್ರಿಕೆಟ್‌ನ ದಾರಿ

ನಮ್ಮ ಕ್ರಿಕೆಟ್‌ನಲ್ಲಿ ಇಂಥ ಬರೆದಿಟ್ಟ ಗೆರೆಯೇ ಇಲ್ಲ. ಕಾಕತಾಳೀಯ ನೋಡಿ, 2019ರ ಅದೇ ಜನವರಿಯಲ್ಲಿ, ಅದೇ ಸಿಡ್ನಿಯಲ್ಲಿ, ನಮ್ಮ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಅಮಾನತಾಗಿ ಪ್ರವಾಸದ ಮಧ್ಯೆ ಮನೆಗೆ ಮರಳಿದರು. ಟೀವಿ ಕಾರ್ಯಕ್ರಮ ಒಂದರಲ್ಲಿ ಆಡಿದ ಮಾತು ಕಾರಣ. ಎರಡು ವಾರದಲ್ಲಿ ಅಮಾನತು ತೆಗೆದರು. ಏಪ್ರಿಲ್‌ನಲ್ಲಿ ಬಿಸಿಸಿಐ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿ ಮುಗಿಸಿದರು. ಎಷ್ಟು ದಿನ, ಎಷ್ಟು ದಂಡ ಎಂಬುದೆಲ್ಲ ಆ ಹೊತ್ತಿನ ತೀರ್ಮಾನ.

ಇನ್ನೊಂದು ಪ್ರಕರಣ ರಗ್ಬಿ ಲೀಗ್ ಚರ್ಚೆಗೆ ಹತ್ತಿರದ್ದು. 2022ರ ನವೆಂಬರ್‌ನಲ್ಲಿ ಟಿ20 ವಿಶ್ವಕಪ್‌ಗೆ ಬಂದಿದ್ದ ಶ್ರೀಲಂಕಾದ ದನುಷ್ಕ ಗುಣತಿಲಕ ಅವರನ್ನು ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಸಿಡ್ನಿ ಪೊಲೀಸರು ಬಂಧಿಸಿದರು. ಅವರ ದೇಶದ ಮಂಡಳಿ ತಕ್ಷಣ ಅಮಾನತು ಮಾಡಿತು. 2023ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಅವರನ್ನು ನಿರ್ದೋಷಿ ಎಂದಿತು, ನಿಷೇಧವೂ ಹೋಯಿತು. ಡಿ ಬೆಲಿನ್‌ಗೆ ಎರಡು ವರ್ಷ ಹಿಡಿದ ದಾರಿ ಇವರಿಗೆ ಸುಮಾರು ಹನ್ನೊಂದು ತಿಂಗಳಲ್ಲಿ ಮುಗಿಯಿತು. ಹೊರಗೆ ಕೂರುವ ಕಾಲವನ್ನು ನಿರ್ಧರಿಸುವುದು ಅಪರಾಧವೂ ಅಲ್ಲ, ಕ್ರೀಡಾ ಮಂಡಳಿಯೂ ಅಲ್ಲ, ಕೋರ್ಟಿನ ಸಾಲು ಎಷ್ಟು ಉದ್ದವಿದೆ ಎಂಬುದು.

ಮುಂದೆ ಏನಾಗಬಹುದು

ಕ್ಲಬ್ಬುಗಳು ಈಗಾಗಲೇ ಎಚ್ಚರಗೊಂಡಿವೆ. ಆಟಗಾರನನ್ನು ತಗೊಳ್ಳುವ ಮೊದಲು ಅವನ ನಡತೆಯ ಇತಿಹಾಸ ನೋಡುತ್ತವೆ, ಒಪ್ಪಂದದಲ್ಲಿ ನಡತೆಯ ಷರತ್ತು ಗಟ್ಟಿ ಮಾಡುತ್ತವೆ. ಇದರ ಬಿಸಿ ತಾರೆಗಳಿಗೆ ತಟ್ಟುವುದು ಕಡಿಮೆ. ತಂಡದ ಅಂಚಿನಲ್ಲಿರುವ ಹುಡುಗನ ಒಪ್ಪಂದ ರದ್ದು ಮಾಡುವುದು ಸುಲಭ, ತಾರೆಯದ್ದು ದುಬಾರಿ. ಹಾಗಾಗಿ ಬೆಣ್ಣೆ, ಸುಣ್ಣದ ದೂರು ಕಡಿಮೆಯಾಗುವ ಸಾಧ್ಯತೆ ಕಾಣುವುದಿಲ್ಲ. ಮೈದಾನದ ಹೊರಗಿನ ಪ್ರಕರಣಗಳಿಗೂ ಲೆನಿಯು ವಿಚಾರಣೆಯಂಥ ತೆರೆದ ಸಮಿತಿ ಬಂದರೆ ಬೇರೆ ಮಾತು. ಆದರೆ ಅದಕ್ಕೆ ಲೀಗ್ ತನ್ನ ಕೈಯಲ್ಲಿರುವ ವಿವೇಚನೆ ಬಿಟ್ಟುಕೊಡಬೇಕು. ಯಾವ ಆಡಳಿತವೂ ಅದನ್ನು ಖುಷಿಯಿಂದ ಮಾಡುವುದಿಲ್ಲ.

ಅಷ್ಟರಲ್ಲಿ ಲೀಗ್‌ನ ನಕಾಶೆಯೇ ಬದಲಾಗುತ್ತಿದೆ. 2027ಕ್ಕೆ ಪರ್ತ್ ನಗರದ ತಂಡ ಸೇರುತ್ತದೆ, 2028ಕ್ಕೆ ಪಪುವಾ ನ್ಯೂ ಗಿನಿಯ ತಂಡ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ವಾರಿಯರ್ಸ್ 1995ರಿಂದಲೇ ಇದೆ. ಗರಿಷ್ಠ 11 ವರ್ಷ ಎಂಬ ಗೆರೆ ಕೆಲಸ ಮಾಡುವುದು ಯಾವುದಾದರೂ ಒಂದು ಕಾನೂನು ಪುಸ್ತಕದ ಮೇಲೆ. ಒಂದೇ ಅಪರಾಧಕ್ಕೆ ಆಸ್ಟ್ರೇಲಿಯದ ರಾಜ್ಯಗಳಲ್ಲೇ ಗರಿಷ್ಠ ಶಿಕ್ಷೆ ಬೇರೆ ಬೇರೆ. ಬೀದಿ ಹೊಡೆದಾಟಕ್ಕೆ ಸಿಡ್ನಿಯಲ್ಲಿ 10 ವರ್ಷ ಇದ್ದರೆ, ಮಿಚೆಲ್ ಮತ್ತು ವೈಟನ್ ಸಿಕ್ಕಿಬಿದ್ದ ಕ್ಯಾನ್‌ಬೆರಾದಲ್ಲಿ 2 ವರ್ಷ. ಪಪುವಾ ನ್ಯೂ ಗಿನಿಯ ರಾಜಧಾನಿ ಪೋರ್ಟ್ ಮೊರೆಸ್ಬಿಯಲ್ಲಿ ಒಬ್ಬ ಆಟಗಾರನ ಮೇಲೆ ಆರೋಪ ದಾಖಲಾದ ದಿನ, ಅವನು ಆಡಬೇಕೇ ಬೇಡವೇ ಎಂದು ಯಾವ ದೇಶದ ಪುಸ್ತಕ ತೆರೆದು ನೋಡಬೇಕು ಎಂಬ ಪ್ರಶ್ನೆ ಲೀಗ್‌ನ ಮೇಜಿನ ಮೇಲೆ ಬಂದೇ ಬರುತ್ತದೆ.